ಹಿನ್ನೀರು ದಂಡೆಯ ಹಳೆಮನೆಗೆ ಟೈಲ್ಸ್ ಆಮೇಲೆ, ನೀರಿನ ಕೆಲಸ ಮೊದಲು

ಸಂಪಾದಕರಿಗೆ,

ಮಾನ್ಯರೇ,

ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ಓಡಾಟಕ್ಕೆ ತೆರೆದ ಮೇಲೆ ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಲಾಂಚಿನ ಸರದಿ ಕಾಯುವ ಕಾಟ ತಪ್ಪಿತು. ಸಿಮೆಂಟು, ಜಲ್ಲಿ, ಟೈಲ್ಸ್ ಹೊತ್ತ ಲಾರಿಗಳಿಗೂ ದಾರಿ ಸಲೀಸಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಹೊತ್ತಿಗೆ ಮುಳುಗಡೆಯವರು ಮೇಲಿನ ಜಾಗಕ್ಕೆ ಬಂದು ಕಟ್ಟಿಕೊಂಡ ಮನೆಗಳಿಗೆ ಈಗ ಅರವತ್ತು ದಾಟಿದೆ. ಕೆಳಗಿನ ಮನೆಯ ಮರ, ಹಂಚು ಬಿಚ್ಚಿ ತಂದು ಕಟ್ಟಿದವೂ ಅವುಗಳಲ್ಲಿವೆ. ಮಕ್ಕಳು ಊರು ಬಿಟ್ಟ ಮೇಲೆ ಬೀಗ ಬಿದ್ದಿದ್ದ ಇಂಥ ಮನೆಗಳು ಒಂದೊಂದಾಗಿ ರಜೆಯ ಮನೆಗಳಾಗುತ್ತಿವೆ, ಹೋಮ್‌ಸ್ಟೇಗಳಾಗುತ್ತಿವೆ. ಮಾಣಿ, ಭದ್ರಾ ಅಣೆಕಟ್ಟುಗಳ ಹಿನ್ನೀರಿನ ಅಂಚಿನ ಹಳೆಮನೆಗಳಿಗೂ ಈ ಪತ್ರದ ಮಾತು ಸಲ್ಲುತ್ತದೆ. ಪತ್ರ ಉದ್ದವಿದೆ, ಕ್ಷಮೆಯಿರಲಿ. ಅರ್ಧ ಹೇಳಿದರೆ ಕೆಲಸ ಕೆಡುವ ವಿಷಯ ಇದು.

ದುರಸ್ತಿಗೆ ಇಳಿದವರು ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಕೆಂಪು ಗಾರೆ ನೆಲದ ಮೇಲೆ ಹೊಳೆಯುವ ವಿಟ್ರಿಫೈಡ್ ಟೈಲ್ಸ್ ಬರುತ್ತದೆ, ಅದರಡಿಯಲ್ಲೇ ಹೊಸ ಪೈಪು ಹಾಯುತ್ತದೆ, ನಡುಕೋಣೆಗೆ ಅಟ್ಯಾಚ್ಡ್ ಬಾತ್‌ರೂಮು ಸೇರುತ್ತದೆ. ಎರಡನೇ ಮಳೆಗಾಲಕ್ಕೆ ಗೋಡೆಯ ಗಿಲಾವು ನೆಲದಿಂದ ಮೂರಡಿ ಎತ್ತರದವರೆಗೆ ಉಬ್ಬಿ ಉದುರುತ್ತದೆ, ಟೈಲ್ಸ್ ಸಂದಿಯಲ್ಲಿ ಬಿಳಿ ಉಪ್ಪು ಕಾಣುತ್ತದೆ, ಎಲ್ಲೋ ಒಂದು ಕಡೆ ಪೈಪು ಸೋರುತ್ತದೆ. ಎಲ್ಲಿ ಎಂದು ಹುಡುಕಲು ಹೊಸ ನೆಲವನ್ನೇ ಒಡೆಯಬೇಕು. ನಾವು ಹೇಳಬೇಕಾದದ್ದು ಇಷ್ಟೇ: ನೆಲ ಕೊನೆಯ ಕೆಲಸ. ಮಳೆನೀರು, ಕೊಳೆನೀರು, ಕುಡಿಯುವ ನೀರು ಮೂರಕ್ಕೂ ದಾರಿ ಮಾಡಿ, ಪರೀಕ್ಷೆ ಮುಗಿಸಿದ ಮೇಲೆಯೇ ಕರಣೆ ಹಿಡಿಯಬೇಕು. ಮತ್ತೆ, ಒತ್ತಡದ ನೀರಿನ ಪೈಪು ಒಂದಡಿ ಕೂಡ ನೆಲದಡಿ ಹೋಗಬಾರದು.

ಥಂಡಿಗೆ ಎಲ್ಲರೂ ದೂರುವುದು ಎದುರಿನ ಕೆರೆಯಂಥ ನೀರನ್ನು. ಲಿಂಗನಮಕ್ಕಿಯ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮನೆಗಳು ಅದಕ್ಕಿಂತ ಮೇಲೆಯೇ ಇವೆ. ನೆಲ ಒದ್ದೆಯಾಗುವುದು ಹೆಚ್ಚಾಗಿ ಹಿಂದಿನ ಗುಡ್ಡದಿಂದ ಇಳಿದು ಬರುವ ಜಲದಿಂದ, ಸೂರಿನಿಂದ ಬೀಳುವ ನೀರಿನಿಂದ. ಈ ಮನೆಗಳ ಗೋಡೆ ಜಂಬಿಟ್ಟಿಗೆಯದ್ದು ಇಲ್ಲವೇ ಮಣ್ಣಿನದ್ದು, ಕಟ್ಟಿದ್ದು ಮಣ್ಣಿನ ಗಾರೆಯಲ್ಲಿ. ಅಡಿಯಿಂದ ಏರಿದ ತೇವ ಹಿಂದೆ ಸಗಣಿ ಸಾರಿಸಿದ ನೆಲದಿಂದ, ಸುಣ್ಣದ ಗಿಲಾವಿನಿಂದ ಆವಿಯಾಗಿ ಹೋಗುತ್ತಿತ್ತು. ಕೆಂಪು ಗಾರೆಯೂ ಸ್ವಲ್ಪ ಮಟ್ಟಿಗೆ ಬಿಡುತ್ತದೆ. ವಿಟ್ರಿಫೈಡ್ ಟೈಲ್ಸು ನೀರು ಹೀರುವುದು ತೂಕದ ಶೇ 0.5ಕ್ಕಿಂತ ಕಡಿಮೆ, ಅಂದರೆ ನೆಲಕ್ಕೆ ಮುಚ್ಚಳ ಹಾಕಿದ ಹಾಗೆ. ಮುಚ್ಚಿದ ತೇವ ಪಕ್ಕಕ್ಕೆ ಸರಿದು ಗೋಡೆ ಹತ್ತುತ್ತದೆ. ಗೋಡೆಗೂ ಸಿಮೆಂಟು ಗಿಲಾವು, ಪ್ಲಾಸ್ಟಿಕ್ ಪೇಂಟು ಬಳಿದಿದ್ದರೆ ಇನ್ನೂ ಮೇಲಕ್ಕೇರಿ ಅಲ್ಲಿ ಒಡೆದುಕೊಳ್ಳುತ್ತದೆ. ಗೋಡೆ ಕೆಟ್ಟಿತು ಎಂದು ಗೋಡೆಗೆ ವಾಟರ್‌ಪ್ರೂಫಿಂಗ್ ಬಳಿದರೆ ರೋಗ ಇನ್ನೊಂದು ಅಡಿ ಮೇಲೆ ಹೋಗುತ್ತದೆ, ಅಷ್ಟೇ.

ಆದ್ದರಿಂದ ಮನೆ ನೋಡಬೇಕಾದದ್ದು ಆಗಸ್ಟಿನಲ್ಲಿ, ಏಪ್ರಿಲ್‌ನಲ್ಲಲ್ಲ. ಎರಡಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಪ್ರತಿ ಕೋಣೆಯ ನೆಲಕ್ಕೆ ನಾಲ್ಕೂ ಅಂಚಿಗೆ ಟೇಪು ಒತ್ತಿ ಅಂಟಿಸಿ, ಒಂದು ಹಗಲು ಒಂದು ರಾತ್ರಿ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕಟ್ಟಿದರೆ ತೇವ ನೆಲದಡಿಯಿಂದ ಬರುತ್ತಿದೆ. ಹಾಳೆಯ ಮೇಲೆ ಮಾತ್ರ ಹನಿಯಿದ್ದರೆ ಅದು ಗಾಳಿಯ ತೇವ, ಕಿಟಕಿ ತೆರೆದರೆ ಹೋಗುತ್ತದೆ. ನೆಲದಡಿಯಿಂದ ಬರುತ್ತಿದ್ದರೆ ಮೊದಲ ಹಾರೆ ಬೀಳಬೇಕಾದದ್ದು ಮನೆಯ ಹೊರಗೆ. ಗುಡ್ಡದ ಕಡೆ, ಅಡಿಪಾಯದಿಂದ ಕನಿಷ್ಠ ಒಂದು ಮೀಟರ್ ದೂರದಲ್ಲಿ ಎರಡಡಿ ಆಳದ ಕಾಲುವೆ ತೋಡಿ, 100ಕ್ಕೆ 1ರ ಇಳಿಜಾರು ಕೊಟ್ಟು, ತೂತಿನ ಪೈಪು ಮಲಗಿಸಿ, ತೊಳೆದ ಜಲ್ಲಿ ತುಂಬಿ. ಅಡಿಪಾಯದ ತಳಕ್ಕಿಂತ ಆಳಕ್ಕೆ ಹೋಗಬೇಡಿ. ಮಣ್ಣಿನ ಗಾರೆಯ ಅಡಿಪಾಯದ ಪಕ್ಕ ಮಣ್ಣು ತೆಗೆದರೆ ಗೋಡೆ ಕೂರುತ್ತದೆ. ಸೂರು ನೀರು ಬೀಳುವ ಜಾಗಕ್ಕೆ ಎರಡಡಿ ಅಗಲ ಕಲ್ಲು ಹಾಸಿ ಹೊರಕ್ಕೆ ಓರೆ ಮಾಡಿ. ಒಳನೆಲ ಅಂಗಳಕ್ಕಿಂತ ಕನಿಷ್ಠ ಒಂದಡಿ ಎತ್ತರ ಇರಬೇಕು. ಕಾರು ನಿಲ್ಲಿಸಲು ಇಂಟರ್‌ಲಾಕ್ ಹಾಸಿ ಅಂಗಳವನ್ನೇ ಜಗಲಿ ಮಟ್ಟಕ್ಕೆ ಎತ್ತಿದ ಮನೆಗಳಲ್ಲಿ ಥಂಡಿಗೆ ಬೇರೆ ಕಾರಣ ಹುಡುಕುವುದೇ ಬೇಡ.

ಇನ್ನು ಪೈಪು. ಹಳೆಮನೆಗಳಲ್ಲಿರುವುದು ಜಿಐ, ಅಂದರೆ ಸತು ಬಳಿದ ಕಬ್ಬಿಣದ ಪೈಪು. ಜಂಬಿಟ್ಟಿಗೆ ನೆಲದ ಬಾವಿಯ ನೀರು ಮೆದು, ಸ್ವಲ್ಪ ಹುಳಿ. ಪಿಎಚ್ 7ಕ್ಕಿಂತ ಕೆಳಗಿರುವುದು ಇಲ್ಲಿ ಸಾಮಾನ್ಯ. ಹುಳಿ ನೀರು ಪೈಪಿನ ಸತುವಿನ ಲೇಪವನ್ನು ಮೊದಲು ತಿನ್ನುತ್ತದೆ, ಆಮೇಲೆ ಕಬ್ಬಿಣವನ್ನು. ಮೊದಲು ಹೋಗುವುದು ಮರೆ (ತಿರುಪಿನ ಗೆರೆ) ಕಡಿದ ಜಾಗ, ಏಕೆಂದರೆ ಅಲ್ಲಿ ಸತುವೂ ಇಲ್ಲ, ದಪ್ಪವೂ ಅರ್ಧ. ಅರ್ಧ ಇಂಚಿನ ಪೈಪಿನೊಳಗೆ ತುಕ್ಕು ಗಂಟುಗಟ್ಟಿ ಪೆನ್ಸಿಲ್ ತೂರುವಷ್ಟೇ ದಾರಿ ಉಳಿದಿರುತ್ತದೆ. ಬೆಳಿಗ್ಗೆ ಮೊದಲ ನೀರು ಕೆಂಪಗೆ ಬಂದು ಆಮೇಲೆ ತಿಳಿಯಾದರೆ ತುಕ್ಕು ಪೈಪಿನದ್ದು. ಬಾವಿಯಿಂದ ನೇರ ಸೇದಿದ ಕೊಡದ ನೀರೂ ರಾತ್ರಿ ಇಟ್ಟರೆ ಕೆಂಪಾಗುತ್ತದೆ ಎಂದಾದರೆ ನೀರಿನಲ್ಲೇ ಕಬ್ಬಿಣವಿದೆ, ಪೈಪು ಬದಲಿಸಿದರೂ ಬಣ್ಣ ಹೋಗದು. ಈ ಎರಡನ್ನು ಬೇರೆ ಮಾಡಿ ನೋಡದೆ ಫಿಲ್ಟರು ಕೊಳ್ಳುವುದು ದುಡ್ಡು ದಂಡ.

ನೆಲದಡಿಯ ಹಳೆ ಜಿಐ ಪೈಪನ್ನು ಕೀಳಬೇಡಿ. ಎರಡೂ ತುದಿ ಕತ್ತರಿಸಿ, ಮರೆ ಹಾಕಿ ಎಂಡ್ ಕ್ಯಾಪ್ ಬಿಗಿದು, ಸತ್ತ ಪೈಪೆಂದು ಅಲ್ಲೇ ಬಿಡಿ. ಅದನ್ನು ಕೀಳಲು ಹೋಗಿ ಒಳ್ಳೆಯ ಗಾರೆ ನೆಲ ಸೀಳುವುದಕ್ಕಿಂತ ದೊಡ್ಡ ನಷ್ಟ ಇಲ್ಲ. ಹೊಸ ಲೈನು ಹೊರಗೋಡೆಯ ಮೇಲೆ, ಸೂರಿನ ನೆರಳಿನಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಮನೆ ಸುತ್ತಲಿ. ನಲ್ಲಿ ಬೇಕಾದ ಕಡೆ ಗೋಡೆಗೆ ತೂತು ಕೊರೆದು ಒಳಬನ್ನಿ. ಜಂಬಿಟ್ಟಿಗೆ, ಮಣ್ಣಿನ ಗೋಡೆಯಲ್ಲಿ ಪೈಪು ಹುದುಗಿಸಲು ಅಡ್ಡ ಗಾಡಿ (ಉದ್ದನೆಯ ತೋಡು) ಕೊರೆಯಲೇಬಾರದು, ಗೋಡೆಯ ಸೊಂಟ ಮುರಿದಂತೆ. ನೋಟ ಕೆಡುತ್ತದೆ ಎನ್ನುವವರು ಪೈಪಿನ ಮೇಲೆ ಮರದ ಪಟ್ಟಿ ಮುಚ್ಚಲಿ, ಸ್ಕ್ರೂ ಬಿಚ್ಚಿದರೆ ಪೈಪು ಕೈಗೆ ಸಿಗುವಂತಿರಲಿ.

ಸಾಮಗ್ರಿ ಸಿಪಿವಿಸಿ, ಅಂದರೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಪೈಪು, ಐಎಸ್ 15778 ಗುರುತಿನದು, ಎಸ್‌ಡಿಆರ್ 11 (ಪೈಪಿನ ಹೊರ ವ್ಯಾಸಕ್ಕೂ ದಪ್ಪಕ್ಕೂ ಇರುವ ಅನುಪಾತ). ಅಳತೆಯಲ್ಲಿ ಪೇಟೆಯ ಲೆಕ್ಕ ಇಲ್ಲಿ ನಡೆಯದು. ಪೇಟೆಯಲ್ಲಿ ಪ್ರೆಶರ್ ಪಂಪು ನೂಕುತ್ತದೆ, ಇಲ್ಲಿ ನೀರು ತನ್ನ ತೂಕದಿಂದಲೇ ಬರಬೇಕು. ಹತ್ತು ಮೀಟರ್ ಎತ್ತರಕ್ಕೆ ಸಿಗುವುದು ಒಂದು ಕಿಲೋ (ಚದರ ಸೆಂ.ಮೀ.ಗೆ) ಒತ್ತಡ. ಟ್ಯಾಂಕು ಶವರಿಗಿಂತ ಮೂರು ಮೀಟರ್ ಮೇಲಿದ್ದರೆ ಸಿಗುವುದು ಬರೀ 0.3 ಕಿಲೋ. ಆದ್ದರಿಂದ ಟ್ಯಾಂಕಿನಿಂದ ಇಳಿಯುವ ಲೈನು 32 ಮಿ.ಮೀ., ಮನೆ ಸುತ್ತುವುದು 25, ಪ್ರತಿ ಬಾತ್‌ರೂಮಿನೊಳಗೆ 20, ನಲ್ಲಿಯ ಕೊನೆಯ ಎರಡಡಿ ಮಾತ್ರ 15 ಇರಲಿ. ಎರಡು ಬಾತ್‌ರೂಮು, ಒಂದು ಅಡುಗೆಮನೆ, ಹಿಂದೊಂದು ಬಟ್ಟೆ ಒಗೆಯುವ ಕಲ್ಲು ಇರುವ ಮನೆಗೆ ಮೂರು ಮೀಟರಿನ ಉದ್ದಗಳಲ್ಲಿ ಸುಮಾರು 32ರದು 4, 25ರದು 6, 20ರದು 10, 15ರದು 3 ಬೇಕಾಗುತ್ತವೆ. ಎಲ್ಬೋ ಮೂವತ್ತು, ಟೀ ಹನ್ನೆರಡು, ಹಿತ್ತಾಳೆ ಮರೆಯ ಎಲ್ಬೋ ಹದಿನಾಲ್ಕು, ಬಾಲ್ ವಾಲ್ವ್ ಆರು, ಯೂನಿಯನ್ ಮೂರು, ಸಾಲ್ವೆಂಟ್ ಸಿಮೆಂಟು (ಪೈಪು ಅಂಟಿಸುವ ಗಮ್) ಅರ್ಧ ಲೀಟರ್. ಉಳಿಸಲು ಹೋಗಿ ಪ್ಲಾಸ್ಟಿಕ್ ಮರೆಗೆ ಹಿತ್ತಾಳೆ ನಲ್ಲಿ ಬಿಗಿಯಬೇಡಿ, ಆರು ತಿಂಗಳಿಗೆ ಕೂದಲೆಳೆಯಷ್ಟು ಸೀಳು ಬಿಟ್ಟು ಗೋಡೆಯೊಳಗೇ ಒಸರುತ್ತದೆ. ಮರೆಗೆ ಟೆಫ್ಲಾನ್ ಟೇಪು ಸಾಕು. ಜಿಐ ಕಾಲದ ಸಣಬು, ಎಣ್ಣೆ ಬೆರೆತ ಸಫೇದ (ಬಿಳಿ ಲೇಪ) ಬೇಡ. ಎಣ್ಣೆ ಸಿಪಿವಿಸಿಯ ಶತ್ರು. ಒರಲೆ ಔಷಧಿ ಹೊಡೆಯುವವರಿಗೂ ಇದನ್ನು ಹೇಳಿ. ಸೀಮೆಎಣ್ಣೆಯಂಥ ದ್ರಾವಕದಲ್ಲಿ ಕಲಸಿದ ಔಷಧಿ ಪೈಪಿಗೆ ತಾಗಿದರೆ ಪೈಪು ಬಿರಿಯುತ್ತದೆ.

ಪೈಪನ್ನು ನೇರ ಕತ್ತರಿಸಿ, ಒಳಹೊರಗಿನ ಒರಟು ಅಂಚು ತೆಗೆದು, ಬಟ್ಟೆಯಲ್ಲಿ ಒರೆಸಿ, ಪೈಪಿಗೂ ಫಿಟ್ಟಿಂಗಿಗೂ ತೆಳ್ಳಗೆ ಗಮ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟುವಂತೆ ನೂಕಿ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಬಿಟ್ಟ ಕೂಡಲೇ ಪೈಪು ಹಿಂದಕ್ಕೆ ಜಾರುತ್ತದೆ, ಅರ್ಧಕ್ಕರ್ಧ ಸೋರಿಕೆಗೆ ಕಾರಣ ಈ ಅವಸರ. ಸಿಪಿವಿಸಿ ಬಿಸಿಗೆ ಬೆಳೆಯುತ್ತದೆ. ಹತ್ತು ಮೀಟರ್ ಪೈಪು 40 ಡಿಗ್ರಿ ಏರಿಕೆಗೆ ಎರಡೂವರೆ ಸೆಂಟಿಮೀಟರ್ ಉದ್ದವಾಗುತ್ತದೆ. ಬಿಸಿನೀರಿನ ಲೈನನ್ನು ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿದರೆ ಎಲ್ಬೋ ಬಿರಿಯುತ್ತದೆ. ಮಧ್ಯೆ ಒಂದು ಕಡೆ ಯು ಆಕಾರದ ಬಳಸು ಕೊಟ್ಟು, ಮೂರಡಿಗೊಂದು ಸಡಿಲ ಕ್ಲ್ಯಾಂಪು ಹಾಕಿ. ಬಿಸಿಲು ಬೀಳುವ ಭಾಗಕ್ಕೆ ನೀರು ಬೆರೆಸುವ ಪೇಂಟು ಎರಡು ಕೋಟು. ಇನ್ನು ಮಂಗ. ಟ್ಯಾಂಕಿನ ಮುಚ್ಚಳ ಎತ್ತುವುದು, ಜೋತಾಡಿ ಪೈಪು ಕೀಳುವುದು ಅವುಗಳ ದಿನಚರಿ. ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಮಂಗಕ್ಕೆ ಸಿಗುವ ಭಾಗವನ್ನು ಮಾತ್ರ ಜಿಐಯದನ್ನೇ ಹಾಕಿ ಕಂಬಕ್ಕೆ ಕ್ಲ್ಯಾಂಪು ಬಿಗಿಯಿರಿ, ಮುಚ್ಚಳಕ್ಕೆ ತಂತಿ ಸುತ್ತಿ.

ಮಲೆನಾಡಿನ ಬಚ್ಚಲು ಹಂಡೆಯಿಲ್ಲದೆ ಇಲ್ಲ, ಅದನ್ನು ತೆಗೆಯಬೇಕಾಗಿಯೂ ಇಲ್ಲ. ಆದರೆ ಕಟ್ಟಿಗೆ ಉರಿಯುವ ಬಾಯ್ಲರಿಗೆ ನೇರ ಸಿಪಿವಿಸಿ ಜೋಡಿಸುವುದು ತಪ್ಪು. ಅದರ ಮಿತಿ 93 ಡಿಗ್ರಿ, ಒಲೆಗೆ ಆ ಲೆಕ್ಕ ಗೊತ್ತಿಲ್ಲ. ಬಾಯ್ಲರಿನಿಂದ ಒಂದೂವರೆ ಮೀಟರ್ ತಾಮ್ರ ಅಥವಾ ಜಿಐ ಇರಲಿ, ಅಲ್ಲಿಂದಾಚೆ ಸಿಪಿವಿಸಿ. ಆವಿ ಹೋಗಲು ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಮೇಲೆ ತೆರೆದುಕೊಳ್ಳುವ ಗಾಳಿ ಪೈಪು ಕಡ್ಡಾಯ, ಅದಕ್ಕೆ ವಾಲ್ವ್ ಹಾಕಲೇಬಾರದು.

ಟ್ಯಾಂಕು ಎಲ್ಲಿ? ಸಾವಿರ ಲೀಟರ್ ಅಂದರೆ ಒಂದು ಟನ್. ಹಂಚಿನ ಮನೆಯ ತೊಲೆಯ ಮೇಲೆ, ಅಟ್ಟದ ಮೇಲೆ ಅದನ್ನು ಕೂರಿಸುವ ಆಸೆ ಬೇಡ. ಹಿಂದೆ ಗುಡ್ಡವಿದ್ದರೆ ಅದೇ ನಿಮ್ಮ ಸ್ಟ್ಯಾಂಡು. ಬಾತ್‌ರೂಮಿಗಿಂತ ಐದಾರು ಮೀಟರ್ ಮೇಲೆ ಕಲ್ಲುಕಟ್ಟೆ ಕಟ್ಟಿ ಇಡಿ. ಹಿನ್ನೀರಿನಿಂದ ನೇರ ನೀರೆತ್ತುವ ಯೋಚನೆಯನ್ನು ನಾವು ಮೆಚ್ಚುವುದಿಲ್ಲ. ದಡದ ಮೇಲಿನ ಪಂಪು ಹೀರಬಲ್ಲದ್ದು ಆರೇಳು ಮೀಟರ್. ಬೇಸಿಗೆಯಲ್ಲಿ ನೀರು ಇಳಿದು ಹಿಂದೆ ಸರಿದಾಗ ಪಂಪು ಬರೀ ಗಾಳಿ ಎಳೆಯುತ್ತದೆ, ಮೊದಲ ಮಳೆಗೆ ಕೆಸರು ಎಳೆಯುತ್ತದೆ. ತೆರೆದ ಬಾವಿಯೇ ವಾಸಿ. ಹೀರುವ ಪೈಪಿನ ತುದಿಯ ಫುಟ್‌ವಾಲ್ವ್ ಬಾವಿಯ ತಳದಿಂದ ಒಂದಡಿ ಮೇಲಿರಲಿ.

ಲೈನು ಮುಗಿದು 24 ಗಂಟೆ ಕಳೆದ ಮೇಲೆ, ಮಳೆಗಾಲವಾದರೆ 48, ಎಲ್ಲ ನಲ್ಲಿ ಬಾಯಿಗೂ ಪ್ಲಗ್ ಬಿಗಿದು, ಗಾಳಿ ಹೊರಹಾಕಿ ನೀರು ತುಂಬಿ, ಕೈಪಂಪಿನಿಂದ 6 ಕಿಲೋ ಒತ್ತಡಕ್ಕೆ ಏರಿಸಿ ಒಂದು ಗಂಟೆ ಬಿಡಿ. ಒತ್ತಡ ಮಾಪಕದ ಮುಳ್ಳು ಇಳಿಯಬಾರದು. ‘ಟ್ಯಾಂಕು ತುಂಬಿ ನೋಡಿದೆವು, ಸೋರಲಿಲ್ಲ’ ಎನ್ನುವುದು ಪರೀಕ್ಷೆಯಲ್ಲ. ಅರ್ಧ ಕಿಲೋ ಒತ್ತಡದಲ್ಲಿ ಕೆಟ್ಟ ಜಾಯಿಂಟೂ ಒಂದು ವರ್ಷ ಸುಮ್ಮನಿರುತ್ತದೆ. ಗಾಳಿ ತುಂಬಿ ಪರೀಕ್ಷಿಸುವವರೂ ಇದ್ದಾರೆ, ಅದು ಅಪಾಯ. ಪೈಪು ಒಡೆದರೆ ಚೂರು ಕಣ್ಣಿಗೆ ಹಾರುತ್ತದೆ.

ಕೊಳೆನೀರಿನ ಮಾತಿಗೆ ಬಂದರೆ, ಬಾತ್‌ರೂಮು ಎಲ್ಲಿರಬೇಕು ಎಂಬುದೇ ಅರ್ಧ ಉತ್ತರ. ಹಳೆಯ ಬಚ್ಚಲು ಹಿಂಬದಿಯ ಹೊರಗೋಡೆಗೆ ಅಂಟಿಕೊಂಡಿತ್ತು. ಹೊಸದೂ ಅದಕ್ಕೆ ಅಂಟಿಕೊಂಡೇ ಇರಲಿ, ಕೊಳೆ ಪೈಪು ಗೋಡೆ ದಾಟಿದ ಕೂಡಲೇ ಬಯಲಿಗೆ ಬರಲಿ. ನಡುಕೋಣೆಯಲ್ಲಿ ಶೌಚಾಲಯ ಮಾಡಿ ಇಪ್ಪತ್ತಡಿ ಕೊಳೆ ಪೈಪನ್ನು ಇನ್ನೆರಡು ಕೋಣೆಯ ನೆಲದಡಿ ಒಯ್ಯುವ ನಕ್ಷೆ ತಂದವರಿಗೆ ನಕ್ಷೆ ವಾಪಸು ಕೊಡುವುದೇ ಸರಿ. ಪೈಪು ಎಸ್‌ಡಬ್ಲ್ಯುಆರ್ (ಶೌಚ, ಕೊಳೆನೀರು, ಮಳೆನೀರಿನ ಪೈಪು), ಐಎಸ್ 13592ರ ಟೈಪ್ ಬಿ. ಟೈಪ್ ಎ ಅಗ್ಗ, ಆದರೆ ಅದು ಮಳೆನೀರಿಗೆ, ಗಾಳಿಗೆ ಮಾತ್ರ. ಕಮೋಡಿನಿಂದ 110 ಮಿ.ಮೀ. ಪೈಪು ಮೂರು ಮೀಟರಿಗೆ 5 ಸೆಂ.ಮೀ. ಇಳಿಯಬೇಕು, ಸ್ನಾನದ ನೀರಿನ 75 ಮಿ.ಮೀ. ಪೈಪು ಅಷ್ಟೇ ಉದ್ದಕ್ಕೆ ಏಳೂವರೆ. ರಬ್ಬರ್ ರಿಂಗಿನ ಜಾಯಿಂಟಿಗೆ ಸೋಪಿನ ನೀರು ಸವರಿ ಪೂರ್ತಿ ನೂಕಿ, ಗುರುತು ಹಾಕಿ, ಒಂದು ಸೆಂ.ಮೀ. ಹಿಂದಕ್ಕೆ ಎಳೆಯಿರಿ. 90ರ ಒಂದು ಬೆಂಡಿನ ಬದಲು 45ರ ಎರಡು ಹಾಕಿ. ತಿರುವಿಗೊಂದು ಚೇಂಬರು ಇರಲಿ. ಗಾಳಿ ಪೈಪನ್ನು ಸೂರಿನ ಮೇಲೆ ಒಯ್ದು ಸೊಳ್ಳೆ ಜಾಲರಿ ಕಟ್ಟಿ. ಗಾಳಿ ಪೈಪಿಲ್ಲದಿದ್ದರೆ ಫ್ಲಶ್ ಮಾಡಿದಾಗಲೆಲ್ಲ ಇಳಿಯುವ ನೀರು, ವಾಸನೆ ತಡೆಯಲು ನೆಲದ ಟ್ರ್ಯಾಪಿನಲ್ಲಿ ನಿಂತಿರುವ ನೀರನ್ನೂ ಎಳೆದುಕೊಳ್ಳುತ್ತದೆ.

ವಾರಾಂತ್ಯಕ್ಕೆ ಮಾತ್ರ ತೆರೆಯುವ ಮನೆಯಲ್ಲಿ ‘ಬಾತ್‌ರೂಮು ನಾರುತ್ತದೆ’ ಎಂಬ ದೂರಿಗೆ ಬಹುಪಾಲು ಕಾರಣ ಸೆಪ್ಟಿಕ್ ಟ್ಯಾಂಕಲ್ಲ, ಒಣಗಿದ ಟ್ರ್ಯಾಪು. ನಹನಿ ಟ್ರ್ಯಾಪಿನಲ್ಲಿ (ಬಾತ್‌ರೂಮು ನೆಲದ ಟ್ರ್ಯಾಪು) ವಾಸನೆ ತಡೆಯುವುದು 5 ಸೆಂ.ಮೀ. ನೀರು. ಮಾರ್ಚ್, ಏಪ್ರಿಲ್‌ನಲ್ಲಿ ಬೀಗ ಹಾಕಿದ ಮನೆಯಲ್ಲಿ ಕೆಲವೇ ವಾರದಲ್ಲಿ ಅದು ಆರುತ್ತದೆ, ಜಿರಲೆಯೂ ದಾರಿ ಕಂಡುಕೊಳ್ಳುತ್ತದೆ. ಹೊರಡುವಾಗ ಪ್ರತಿ ಟ್ರ್ಯಾಪಿಗೆ ಒಂದು ತಂಬಿಗೆ ನೀರು ಹುಯ್ದು, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಆರುವುದು ನಿಧಾನವಾಗುತ್ತದೆ. ಎಣ್ಣೆ ಶತ್ರು ಎಂದು ಮೇಲೆ ಹೇಳಿದ್ದು ಸಿಪಿವಿಸಿಗೆ. ಟ್ರ್ಯಾಪು, ಕೊಳೆ ಪೈಪು ಬೇರೆ ಜಾತಿಯ ಪಿವಿಸಿ.

ಸೆಪ್ಟಿಕ್ ಟ್ಯಾಂಕು ಹತ್ತು ಜನರಿಗೆ ಒಳ ಅಳತೆ 2 ಮೀಟರ್ ಉದ್ದ, 0.9 ಮೀಟರ್ ಅಗಲ, ನೀರಿನ ಆಳ 1.4 ಮೀಟರ್, ಮೇಲೆ 30 ಸೆಂ.ಮೀ. ಖಾಲಿ. ಇಂಗುಗುಂಡಿ ಬಾವಿಯಿಂದ 18 ಮೀಟರಿಗಿಂತ ಹತ್ತಿರ ಬೇಡ, ಬಾವಿಯ ಮೇಲ್ಮಗ್ಗುಲಲ್ಲಂತೂ ಬೇಡವೇ ಬೇಡ. ಗುಂಡಿಯ ತಳ ಮಳೆಗಾಲದ ಜಲಮಟ್ಟಕ್ಕಿಂತ ಎರಡು ಮೀಟರ್ ಮೇಲಿರಬೇಕು. ಇಲ್ಲಿಯೂ ಆಗಸ್ಟಿನ ಮಟ್ಟವೇ ಲೆಕ್ಕ. ಏಪ್ರಿಲ್‌ನಲ್ಲಿ ತೋಡಿ ಒಣಗಿದೆ ಎಂದುಕೊಂಡ ಗುಂಡಿ ಜುಲೈಯಲ್ಲಿ ಒರತೆಯಾಗಿ, ಕಮೋಡಿನಲ್ಲಿ ನೀರು ಮೇಲೇರಿ ಬರುತ್ತದೆ. ಅಂಥ ಜಾಗದಲ್ಲಿ ಆಳದ ಗುಂಡಿ ಬಿಟ್ಟು, ನೆಲಮಟ್ಟದಲ್ಲೇ ಜಲ್ಲಿಯ ಪಾತಿ ಮಾಡಿ ಕಾಬಾಳೆ ನೆಟ್ಟು ನೀರು ಹರಿಸುವುದು ಒಳ್ಳೆಯದು. ಫೈಬರು, ಪ್ಲಾಸ್ಟಿಕಿನ ರೆಡಿಮೇಡ್ ಟ್ಯಾಂಕು ಹೂಳಿದವರು ಮಳೆಗಾಲದಲ್ಲಿ ಅದನ್ನು ಖಾಲಿ ಮಾಡಿಸಬಾರದು. ಸುತ್ತಲಿನ ಜಲ ಖಾಲಿ ಟ್ಯಾಂಕನ್ನು ದೋಣಿಯಂತೆ ಮೇಲೆತ್ತುತ್ತದೆ, ಪೈಪುಗಳೆಲ್ಲ ತುಂಡಾಗುತ್ತವೆ. ಅಡಿಗೆ ಕಾಂಕ್ರೀಟು ಹಾಕಿ ಪಟ್ಟಿಯಿಂದ ಕಟ್ಟಿರಬೇಕು, ಖಾಲಿ ಮಾಡಿಸುವುದು ಮಾರ್ಚಿನಲ್ಲಿ.

ಈಗ ನೆಲ. ಕೆಂಪು ಗಾರೆ ನೆಲವಿದ್ದರೆ ಅದನ್ನು ಉಳಿಸಿಕೊಳ್ಳುವುದೇ ಮೊದಲ ಆಯ್ಕೆ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮರದ ಕೋಲಿನಿಂದ ಅಡಿಗೊಂದು ಸಲ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದ ಗೆರೆ ಎಳೆಯಿರಿ. ಟೊಳ್ಳಾಗಿರುವುದು ಸಾಮಾನ್ಯವಾಗಿ ಹಳೆ ಪೈಪಿನ ಸೋರಿಕೆ ಮಣ್ಣು ತೊಳೆದಲ್ಲಿ, ಹೆಗ್ಗಣ ಬಿಲ ತೋಡಿದಲ್ಲಿ. ಆ ತುಂಡನ್ನಷ್ಟೇ ಕಟರ್‌ನಿಂದ ಚೌಕವಾಗಿ ಕತ್ತರಿಸಿ ತೆಗೆದು, ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಚಿಮುಕಿಸಿ ದಿಮ್ಮಿಸಿ, ಕಾಂಕ್ರೀಟು ಹಾಕಿ ಮೇಲ್ಪದರ ಎಳೆಯಿರಿ. ಬಣ್ಣ ಹೊಂದುವುದಿಲ್ಲ. ಯಾವ ಮೇಸ್ತ್ರಿ ಹೊಂದಿಸಿಕೊಡುತ್ತೇನೆಂದರೂ ನಂಬಬೇಡಿ, ಹೊಸ ಕೆಂಪು ಬೇರೆ, ಐವತ್ತು ವರ್ಷ ಕಾಲು ಸವೆಸಿದ ಕೆಂಪು ಬೇರೆ. ತೇಪೆಯನ್ನು ಅಡಗಿಸುವ ಬದಲು ಸುತ್ತ ಎರಡು ಇಂಚಿನ ಕಪ್ಪು ಪಟ್ಟಿ ಕೊಟ್ಟರೆ ಅದೇ ಅಲಂಕಾರ. ಆಸಿಡ್ ಹಾಕಿ ತೊಳೆಯಬೇಡಿ, ಸಿಮೆಂಟನ್ನೇ ತಿನ್ನುತ್ತದೆ.

ಪೂರ್ತಿ ಹೊಸ ನೆಲ ಬೇಕಾದ ಕೋಣೆಗೆ ಕೆಳಗಿನಿಂದ ಲೆಕ್ಕ ಹೀಗೆ: ಹಳೆಯದನ್ನು ತೆಗೆದು ಮಣ್ಣು ದಿಮ್ಮಿಸಿ, 15 ಸೆಂ.ಮೀ. ತೊಳೆದ 40 ಮಿ.ಮೀ. ಜಲ್ಲಿ. ಇದಕ್ಕೆ ಮರಳು, ಪುಡಿ ಬೆರೆಸಬೇಡಿ, ಜಲ್ಲಿಯ ನಡುವಿನ ಖಾಲಿ ಜಾಗವೇ ತೇವ ಮೇಲೇರುವುದನ್ನು ಕಡಿಯುವುದು. ಅದರ ಮೇಲೆ 10 ಸೆಂ.ಮೀ. 1:4:8 (ಸಿಮೆಂಟು, ಮರಳು, ಜಲ್ಲಿ) ಕಾಂಕ್ರೀಟು, 2 ಸೆಂ.ಮೀ. 1:4 (ಸಿಮೆಂಟು, ಮರಳು) ಗಾರೆ, ಕೊನೆಗೆ ಮೂರು ನಾಲ್ಕು ಮಿ.ಮೀ. ಕಾವಿ (ಕೆಂಪು ಆಕ್ಸೈಡ್ ಪುಡಿ) ಬೆರೆತ ಸಿಮೆಂಟಿನ ಮೇಲ್ಪದರ. ಜಲ್ಲಿಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಬೇಕೆ ಎಂಬ ಪ್ರಶ್ನೆ ಬರುತ್ತದೆ. ಕಲ್ಲಿನ ಗಟ್ಟಿ ಪಂಚಾಂಗದ ಮೇಲೆ ಗೋಡೆಯಿದ್ದರೆ ಹಾಸಬಹುದು. ಮಣ್ಣಿನ ಗೋಡೆ ನೆಲದಿಂದಲೇ ಎದ್ದಿದ್ದರೆ ಬೇಡ, ಮೇಲೆ ಹೇಳಿದಂತೆ ತೇವ ಗೋಡೆಗೆ ತಿರುಗುತ್ತದೆ. 12 ಅಡಿಗೆ 10 ಅಡಿಯ ಕೋಣೆಗೆ ಕಾಂಕ್ರೀಟಿಗೆ ನಾಲ್ಕು ಚೀಲ ಸಿಮೆಂಟು, ಸುಮಾರು 19 ಘನ ಅಡಿ ಮರಳು, 37 ಘನ ಅಡಿ ಜಲ್ಲಿ. ಗಾರೆಗೆ ಎರಡು ಚೀಲ ಸಿಮೆಂಟು, 8 ಘನ ಅಡಿ ಮರಳು. ಮೇಲ್ಪದರಕ್ಕೆ ಒಂದು ಚೀಲ ಸಿಮೆಂಟು, 15 ಕಿಲೋ ಕಾವಿ. ಮೂರು ಕಿಲೋ ಸಿಮೆಂಟಿಗೆ ಒಂದು ಕಿಲೋ ಕಾವಿ ಎನ್ನುವುದು ಹಳೆ ಮೇಸ್ತ್ರಿಗಳ ಲೆಕ್ಕ. ಕೆಂಪು ಹೆಚ್ಚಲಿ ಎಂದು ಇನ್ನೂ ಸುರಿದರೆ ಪದರ ಪುಡಿಯಾಗುತ್ತದೆ.

ಒಂದು ಕೋಣೆಗೆ ಬೇಕಾದಷ್ಟೂ ಪುಡಿಯನ್ನು ಒಮ್ಮೆಗೇ ಒಣದಾಗಿ ಕಲಸಿ ಎರಡು ಸಲ ಜರಡಿ ಹಿಡಿದಿಡಿ. ಊಟದ ನಂತರ ಇನ್ನೊಂದು ಚೀಲ ಬಿಚ್ಚಿ ಕಲಸಿದ್ದು ನೆಲದ ಮೇಲೆ ಶಾಶ್ವತವಾಗಿ ಕಾಣುತ್ತದೆ. ಗಾರೆ ಇನ್ನೂ ಹಸಿಯಿರುವಾಗಲೇ ಕಾವಿ ಎಳೆಯಬೇಕು. ಒಣಗಿದ ಮೇಲೆ ಎಳೆದದ್ದು ಹಪ್ಪಳದಂತೆ ಏಳುತ್ತದೆ. ಕಿಟಕಿ ಬಾಗಿಲು ಮುಚ್ಚಿರಲಿ, ಒಣಗಾಳಿ ಬಿದ್ದರೆ ಕೂದಲು ಬಿರುಕು ಗ್ಯಾರಂಟಿ. ನಾಲ್ಕಡಿಗೊಂದು ಹಿತ್ತಾಳೆ ಅಥವಾ ಗಾಜಿನ ಪಟ್ಟಿ ಕೊಟ್ಟರೆ ಬಿರುಕು ಬರುವುದಿದ್ದರೆ ಪಟ್ಟಿಯ ಗುಂಟ ಬರುತ್ತದೆ. ಉಕ್ಕಿನ ಕರಣೆಯಿಂದ ಉಜ್ಜುವುದಕ್ಕೆ ಹೊತ್ತು ಗೊತ್ತಿರಬೇಕು: ಬೆರಳೊತ್ತಿದರೆ ಗುರುತು ಬಿದ್ದು, ಬೆರಳಿಗೆ ಬಣ್ಣ ಅಂಟದ ಹೊತ್ತು. ಮರುದಿನದಿಂದ ಏಳು ದಿನ ನೀರು ನಿಲ್ಲಿಸಿ. ಗೋಣಿ ಹಾಸಬೇಡಿ, ಅದರ ಕಲೆ ಹೋಗದು. ಒಣಗಿದ ಮೇಲೆ ಮೇಣದ ಪಾಲಿಶ್ ಅಥವಾ ತೆಳ್ಳಗೆ ಕೊಬ್ಬರಿ ಎಣ್ಣೆ. ಡಿಸೆಂಬರ್, ಜನವರಿ ಈ ಕೆಲಸಕ್ಕೆ ಒಳ್ಳೆಯ ಕಾಲ.

ಬಾತ್‌ರೂಮಿಗೆ ಮಾತ್ರ ಟೈಲ್ಸ್ ಅಥವಾ ಒರಟು ಕಡಪ ಕಲ್ಲು ಸರಿ. ಆರಡಿಗೆ 3 ಸೆಂ.ಮೀ. ಇಳಿಜಾರು ಟ್ರ್ಯಾಪಿನ ಕಡೆಗೆ ಇರಲಿ. ವಾಟರ್‌ಪ್ರೂಫಿಂಗ್ ಪದರ ಗೋಡೆಗೆ ಒಂದಡಿ ಮೇಲೆ ಹತ್ತಲಿ. ಅದರ ಮೇಲೆ ಟೈಲ್ಸ್ ಹಾಕುವ ಮೊದಲು ಟ್ರ್ಯಾಪಿಗೆ ಬಟ್ಟೆ ತುರುಕಿ 5 ಸೆಂ.ಮೀ. ನೀರನ್ನು ಎರಡು ದಿನ ನಿಲ್ಲಿಸಿ, ಪೆನ್ಸಿಲ್ ಗೆರೆಯಿಂದ ಮಟ್ಟ ನೋಡಿ. ಜಗಲಿ, ಪಡಸಾಲೆಗೆ ಹಾಸು ಬೇಕೇ ಬೇಕೆಂದರೆ ಸುಟ್ಟ ಮಣ್ಣಿನ ನೆಲಹೆಂಚು ಇದೆ. ತೇವವನ್ನು ಬಿಡುತ್ತದೆ, ಕಾಲಿಗೆ ತಣ್ಣಗಿರುತ್ತದೆ, ಒಂದು ಒಡೆದರೆ ಒಂದನ್ನೇ ಬದಲಿಸಬಹುದು.

ಉಪ್ಪರಿಗೆಯ ಹಲಗೆ ನೆಲದ ಮೇಲೆ ಕಾಂಕ್ರೀಟು ಸುರಿದು ಟೈಲ್ಸ್ ಹಾಕುವವರಿಗೆ ಒಂದು ಲೆಕ್ಕ: ಎರಡಿಂಚು ಕಾಂಕ್ರೀಟು ಪ್ರತಿ ಚದರ ಮೀಟರಿಗೆ 120 ಕಿಲೋ. ಜನ, ಮಂಚ, ಬೀರು ಇನ್ನೂ ಬಂದಿಲ್ಲ. ಮೇಲೆ ಶೌಚಾಲಯವಂತೂ ಬೇಡ. ಹಲಗೆ ಉಳಿಸಿ, ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಒಂದು ಸೆಂ.ಮೀ.ಗಿಂತ ಹೆಚ್ಚು ಇಳಿದರೆ ಆ ತುದಿ ಹೋಗಿದೆ, ಕತ್ತರಿಸಿ ಪಕ್ಕಕ್ಕೆ ಹೊಸ ಮರ ಬೋಲ್ಟ್ ಹಾಕಿ ಜೋಡಿಸಬೇಕು. ಹೊಸ ಹಲಗೆಯನ್ನು ಅದೇ ಮನೆಯೊಳಗೆ ಒಂದು ತಿಂಗಳು ಗಾಳಿಯಾಡುವಂತೆ ಪೇರಿಸಿಟ್ಟು ಆಮೇಲೆ ಕೂರಿಸಿ, ಮಳೆಗಾಲದಲ್ಲಿ ಉಬ್ಬಲು ಎರಡು ಮಿ.ಮೀ. ಸಂದು ಬಿಡಿ. ವಾರ್ನಿಶ್‌ಗೆ ಮುಂಚೆ ಬೋರಾಕ್ಸ್–ಬೋರಿಕ್ ದ್ರಾವಣ ಎರಡು ಸಲ ಬಳಿದರೆ ಒರಲೆ, ಕುಟ್ಟೆ ಹುಳ ದೂರ.

ಕೊನೆಯದಾಗಿ ಒಂದು ಕೋರಿಕೆ. ಹೋಮ್‌ಸ್ಟೇಗೆ ಪರವಾನಗಿ ಕೊಡುವವರು ಹಾಸಿಗೆ, ಬೆಡ್‌ಶೀಟು, ಕ್ಯಾಮೆರಾ ನೋಡುವ ಜೊತೆಗೆ ಒಂದು ಕಾಗದ ಕೇಳಲಿ: ಬಾವಿ, ಸೆಪ್ಟಿಕ್ ಟ್ಯಾಂಕು, ಇಂಗುಗುಂಡಿ ಮೂರನ್ನೂ ಅಳತೆಯ ಸಮೇತ ಗುರುತಿಸಿದ ಒಂದು ಪುಟದ ಕೈನಕ್ಷೆ, ಆಗಸ್ಟಿನಲ್ಲಿ ಬಾವಿಯ ನೀರು ಎಷ್ಟು ಅಡಿಯಲ್ಲಿತ್ತು ಎಂಬ ಸಾಲು ಸೇರಿದಂತೆ. ಮನೆಯವರು ಅದೇ ನಕ್ಷೆಯಲ್ಲಿ ಪೈಪಿನ ದಾರಿ, ಆರು ವಾಲ್ವುಗಳ ಜಾಗ ಬರೆದು ಒಂದು ಪ್ರತಿಯನ್ನು ಪಂಪಿನ ಪೆಟ್ಟಿಗೆಯೊಳಗೆ ಅಂಟಿಸಲಿ. ನೀರು ಸೋರುವ ರಾತ್ರಿ ಮನೆಯಲ್ಲಿ ಇರುವವರು ಸಾಮಾನ್ಯವಾಗಿ ಅತಿಥಿಗಳು.

ಇಂತಿ,
ಹಳೆಮನೆ ದುರಸ್ತಿ ಕೆಲಸದ ಗಾರೆ ಮೇಸ್ತ್ರಿ ಮತ್ತು ಪ್ಲಂಬರ್,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ